ಉತ್ತರವನ್ನೂ ಓದಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಸರ್ದಾರ್ ಪಟೇಲರ ಒಂದು ಪತ್ರ ಆಗಾಗ ಬರುತ್ತಲೇ ಇರುತ್ತದೆ. 1950ರ ನವೆಂಬರ್ 7ರಂದು ನೆಹರೂ ಅವರಿಗೆ ಬರೆದದ್ದು. ಟಿಬೆಟ್‌ಗೆ ಚೀನಾ ಕಾಲಿಟ್ಟಾಗಿದೆ, ಉತ್ತರದ ಗಡಿಯ ಬಗ್ಗೆ ಇನ್ನು ನಿಶ್ಚಿಂತೆಯಿಂದ ಇರುವಂತಿಲ್ಲ ಅನ್ನುವ ಎಚ್ಚರಿಕೆಯ ಪತ್ರ. ಚಿಕ್ಕಪ್ಪ ಅದನ್ನು ಕಳಿಸುತ್ತಾರೆ, ಜತೆಗೆ ‘ಆಗಲೇ ಹೇಳಿದ್ದರು, ಕೇಳಲಿಲ್ಲ’ ಅಂತ ಒಂದು ಸಾಲು. ಅತ್ತಿಗೆಯ ತಮ್ಮ ಬಿಡುವವನಲ್ಲ. ಪಟೇಲರೇ ನೆಹರೂ ಅವರನ್ನು ಹೊಗಳಿ ಬರೆದ ಇನ್ನೊಂದು ಪತ್ರ ಹುಡುಕಿ ಹಾಕುತ್ತಾನೆ. ಅಲ್ಲಿಗೆ ಶುರು.

ಎರಡು ಪತ್ರಗಳೂ ನಿಜವಾದವೇ. ಆದರೆ ಎರಡೂ ಒಂಟಿ ಪತ್ರಗಳು. ಪಟೇಲರ ಆ ಎಚ್ಚರಿಕೆಯ ಬೆನ್ನಿಗೇ ನವೆಂಬರ್ 18ರಂದು ನೆಹರೂ ಒಂದು ದೀರ್ಘ ಟಿಪ್ಪಣಿ ಬರೆದರು. ಸದ್ಯಕ್ಕೆ ಚೀನಾ ದೊಡ್ಡ ದಾಳಿ ಮಾಡುವ ಸಾಧ್ಯತೆ ಕಡಿಮೆ ಅನ್ನುವುದು ಅವರ ಲೆಕ್ಕ. ಅದಕ್ಕೆ ಅವರದೇ ಕಾರಣಗಳಿದ್ದವು. ಲೆಕ್ಕ ಸರಿಯೋ ತಪ್ಪೋ, 1962 ಆದ ಮೇಲೆ ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದೇನಿಲ್ಲ. ನನ್ನ ತಕರಾರು ಬೇರೆ. ಪತ್ರ ಅಂದ ಮೇಲೆ ಅದಕ್ಕೆ ಉತ್ತರ ಅಂತ ಒಂದಿರುತ್ತದೆ ಅಲ್ವಾ? ಉತ್ತರ ಬಿಟ್ಟು ಪತ್ರ ಓದಿದರೆ ಫೋನಿನಲ್ಲಿ ಒಬ್ಬರು ಮಾತಾಡುವುದನ್ನು ಮಾತ್ರ ಕೇಳಿಸಿಕೊಂಡ ಹಾಗೆ.

ಪಟೇಲರ ಪತ್ರವ್ಯವಹಾರ 1970ರ ದಶಕದಲ್ಲಿ 10 ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಬಂದ ಪತ್ರ, ಹೋದ ಪತ್ರ ಎರಡೂ ಇವೆ. ಜೋಡಿಯಾಗಿ ಓದುತ್ತಾ ಹೋದರೆ ಯಾರು ಹೀರೋ ಯಾರು ವಿಲನ್ ಅನ್ನುವ ಪ್ರಶ್ನೆ ಸ್ವಲ್ಪ ಹೊತ್ತಿಗೆ ಬೋರ್ ಹೊಡೆಸುತ್ತದೆ. ಅದಕ್ಕಿಂತ ಸ್ವಾರಸ್ಯದ್ದು ಬೇರೆ ಕಾಣತೊಡಗುತ್ತದೆ. ಈ ಜನ ಜಗಳ ಆಡುತ್ತಾ ಆಡುತ್ತಾ ದೇಶ ನಡೆಸುವ ನಿಯಮಗಳನ್ನು ಮಾಡಿಕೊಳ್ಳುತ್ತಿದ್ದರು. ಸಂವಿಧಾನ ಸಭೆಯಲ್ಲಿ ಬರೆದದ್ದು ಒಂದು ಸಂವಿಧಾನ. ಅದರಲ್ಲಿ ಬರೆಯದೆ ಬಿಟ್ಟ ಎಷ್ಟೋ ವಿಷಯ ಇತ್ಯರ್ಥ ಆದದ್ದು ಈ ಕಾಗದಗಳಲ್ಲಿ.

ಮೊದಲ ಜೋಡಿ ತುಂಬಾ ಸಿಹಿಯಾದದ್ದು. 1947ರ ಆಗಸ್ಟ್ 1. ಸ್ವಾತಂತ್ರ್ಯಕ್ಕೆ ಇನ್ನು ಎರಡು ವಾರ. ಔಪಚಾರಿಕತೆ ಅಂತ ಸ್ವಲ್ಪ ಪಾಲಿಸಬೇಕಲ್ಲ, ಅದಕ್ಕೆ ನಿಮ್ಮನ್ನು ಸಂಪುಟಕ್ಕೆ ಕರೆದು ಬರೆಯುತ್ತಿದ್ದೇನೆ, ನಿಜಕ್ಕೂ ಇದರ ಅಗತ್ಯವೇ ಇಲ್ಲ, ಸಂಪುಟದ ಗಟ್ಟಿ ಕಂಬ ನೀವೇ ಅಂತ ನೆಹರೂ ಬರೆಯುತ್ತಾರೆ. ಆಗಸ್ಟ್ 3ಕ್ಕೆ ಪಟೇಲರ ಉತ್ತರ: ಸುಮಾರು 30 ವರ್ಷದ ಸ್ನೇಹದಲ್ಲಿ ಔಪಚಾರಿಕತೆಗೆ ಜಾಗ ಇಲ್ಲ, ಇನ್ನುಳಿದ ಬದುಕೆಲ್ಲ ನನ್ನ ಸೇವೆ ನಿಮ್ಮದು, ನಮ್ಮ ಜೋಡಿಯನ್ನು ಒಡೆಯಲಾಗದು, ನಮ್ಮ ಬಲ ಇರುವುದೇ ಅಲ್ಲಿ. ಅತ್ತಿಗೆಯ ತಮ್ಮ ಹಾಕುವುದು ಇದನ್ನೇ.

ಇದಾಗಿ ಐದು ತಿಂಗಳೂ ಆಗಿರಲಿಲ್ಲ, ಇಬ್ಬರೂ ರಾಜೀನಾಮೆಯ ಮಾತು ಆಡುತ್ತಿದ್ದರು.

ಡಿಸೆಂಬರ್ 1947ರ ಆ ಜಗಳವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶುರುವಾದದ್ದು ಮೋಟಾರು ವಾಹನಗಳಿಂದ. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿನ ಕೆಲಸ ನೋಡಿಕೊಳ್ಳಲು ನೆಹರೂ ಗೋಪಾಲಸ್ವಾಮಿ ಅಯ್ಯಂಗಾರರಿಗೆ ಹೇಳಿದ್ದರು. ಹಿಂದೆ ಕಾಶ್ಮೀರದ ಪ್ರಧಾನಿಯಾಗಿದ್ದವರು, ಈಗ ಖಾತೆಯಿಲ್ಲದ ಮಂತ್ರಿ. ಪೂರ್ವ ಪಂಜಾಬಿನಿಂದ ಕಾಶ್ಮೀರಕ್ಕೆ ವಾಹನ ಕಳಿಸುವ ವಿಚಾರದಲ್ಲಿ ಅವರು ನೇರವಾಗಿ ವ್ಯವಹರಿಸಿದರು. ಸಂಸ್ಥಾನಗಳ ಖಾತೆ ಪಟೇಲರದು. ಇದು ನನ್ನ ಖಾತೆಯ ಮೂಲಕ ಬರಬೇಕಿತ್ತು ಅಂತ ಡಿಸೆಂಬರ್ 22ರಂದು ಪಟೇಲರು ಅಯ್ಯಂಗಾರರಿಗೆ ಬರೆದರು. ಅಯ್ಯಂಗಾರರಿಗೆ ನೋವಾಯಿತು. ಅದು ತಿಳಿದು ಪಟೇಲರು ಮಾರನೇ ದಿನವೇ ನನ್ನ ಪತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಿಮಗೆ ಸರಿ ಕಂಡಂತೆ ಮಾಡಿ ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅಷ್ಟರಲ್ಲಿ ನೆಹರೂ ಪತ್ರ ಹೊರಟಾಗಿತ್ತು. ಗೋಪಾಲಸ್ವಾಮಿಯವರಿಗೆ ಈ ಕೆಲಸ ಕೊಟ್ಟವನು ನಾನು, ನನ್ನ ಹೊಣೆ ಅಂತ ನಾನು ತಿಳಿದಿರುವ ವಿಷಯದಲ್ಲಿ ನನ್ನ ಅಧಿಕಾರ ಬಿಟ್ಟುಕೊಡುವವನಲ್ಲ ಅನ್ನುವ ಧಾಟಿ ಅದರದು. ಪಟೇಲರು ಇದಕ್ಕೆ ಬರೆದ ಉತ್ತರದ ಮೊದಲ ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಿಮ್ಮ ಪತ್ರ ಈಗ ತಾನೆ, ಸಂಜೆ 7 ಗಂಟೆಗೆ ಕೈ ಸೇರಿತು, ತಕ್ಷಣ ಬರೆಯುತ್ತಿದ್ದೇನೆ, ಇದರಿಂದ ತುಂಬಾ ನೋವಾಗಿದೆ. ಗಂಟೆಯನ್ನೂ ಬರೆಯುತ್ತಾರೆ ನೋಡಿ. 72 ವರ್ಷದ ಗೃಹಮಂತ್ರಿ. ದೇಶದಲ್ಲಿ ನಿರಾಶ್ರಿತರ ಸಾಲು, ಹೈದರಾಬಾದ್ ಸೇರಿಲ್ಲ, ಕಾಶ್ಮೀರ ಹೊತ್ತಿ ಉರಿಯುತ್ತಿದೆ. ಅದರ ನಡುವೆ ಕೂತು ಗಂಟೆ ನಮೂದಿಸಿ ಬರೆಯುತ್ತಾರೆ. ಅಯ್ಯಂಗಾರರಿಗೆ ಬರೆದ ಪತ್ರದ ನಕಲನ್ನೂ ಜತೆಗಿಡುತ್ತಾರೆ. ನಿಮ್ಮ ಪತ್ರ ಬರುವ ಮೊದಲೇ ನಾನು ಬಿಟ್ಟುಕೊಟ್ಟಿದ್ದೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ.

ಇದು ಸಾಲದು ಅಂತ ಅದೇ ಹೊತ್ತಿಗೆ ಅಜ್ಮೇರ್ ಸೇರಿಕೊಂಡಿತು. ಅಲ್ಲಿ ಕೋಮು ಗಲಭೆಯಾಗಿತ್ತು. ನೆಹರೂ ಹೋಗಬೇಕಿತ್ತು, ಮನೆಯಲ್ಲಿ ಸಾವಾಗಿ ಹೋಗಲಾಗಲಿಲ್ಲ. ಬದಲಿಗೆ ತಮ್ಮ ಪ್ರಧಾನ ಆಪ್ತ ಕಾರ್ಯದರ್ಶಿಯನ್ನು ಕಳಿಸಿದರು. ಅವರು ಹೆಚ್.ವಿ.ಆರ್. ಅಯ್ಯಂಗಾರ್. ಆ ‘ಹೆಚ್’ ಅಂದರೆ ಹರವು, ನಮ್ಮ ಪಾಂಡವಪುರದ ಹತ್ತಿರ ಆ ಹೆಸರಿನ ಊರಿದೆ. ಸಂವಿಧಾನ ಸಭೆಗೂ ಕಾರ್ಯದರ್ಶಿಯಾಗಿದ್ದವರು, ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು. ಪಾಪ, ಇಬ್ಬರು ದೊಡ್ಡವರ ನಡುವೆ ಸಿಕ್ಕಿಕೊಂಡರು. ಅಜ್ಮೇರ್ ಕೇಂದ್ರದ ನೇರ ಆಡಳಿತದಲ್ಲಿತ್ತು, ಅಂದರೆ ಗೃಹ ಖಾತೆಯ ಕೆಳಗೆ. ಅಲ್ಲಿನ ಚೀಫ್ ಕಮಿಷನರ್ ಮೇಲೆ ಪ್ರಧಾನಿಗೆ ನಂಬಿಕೆ ಇಲ್ಲ ಅನ್ನುವ ಸಂದೇಶ ಹೋಗಲಿಲ್ಲವೇ? ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಯ ಕೆಲಸವನ್ನು ತೂಗಿ ನೋಡಿದ ಹಾಗೆ ಆಗಲಿಲ್ಲವೇ? ಪಟೇಲರ ಪ್ರಶ್ನೆ ಇದು. ಪ್ರಧಾನಿಯಾದವನಿಗೆ ತನಗೆ ಬೇಕಾದ ಕಡೆ ಬೇಕಾದವರನ್ನು ಕಳಿಸುವ ಹಕ್ಕಿಲ್ಲವೇ? ನೆಹರೂ ಪ್ರಶ್ನೆ ಅದು.

ಸರ್ಕಾರಿ ಕಚೇರಿಯಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಈ ಜಗಳ ಅರ್ಥವಾಗುತ್ತದೆ. ಇಲ್ಲಿ ಸುಮ್ನೆ ಅಹಂಕಾರ ಅಂತ ತಳ್ಳಿಹಾಕುವುದು ಸುಲಭ. ಅಹಂಕಾರ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಆಗ ಸ್ವತಂತ್ರ ಭಾರತದಲ್ಲಿ ಪ್ರಧಾನಿ ಅನ್ನುವ ಹುದ್ದೆಗೇ ನಾಲ್ಕು ತಿಂಗಳ ವಯಸ್ಸು. ಸಂವಿಧಾನ ಇನ್ನೂ ಕರಡಿನ ಹಂತದಲ್ಲಿತ್ತು. ಆ ಹುದ್ದೆ ಎಷ್ಟು ದೊಡ್ಡದು, ಎಲ್ಲಿಗೆ ಮುಗಿಯುತ್ತದೆ ಅಂತ ಯಾರೂ ಗೆರೆ ಹಾಕಿರಲಿಲ್ಲ. ಹಾಕಬೇಕಿದ್ದವರು ಇವರೇ.

ಮುಂದೆ ಇಬ್ಬರೂ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ತಮ್ಮ ತಮ್ಮ ವಾದವನ್ನು ಟಿಪ್ಪಣಿಯಾಗಿ ಬರೆದು ಗಾಂಧೀಜಿ ಮುಂದಿಟ್ಟರು. ನೆಹರೂ ಟಿಪ್ಪಣಿ 1948ರ ಜನವರಿ 6ರದ್ದು. ಪ್ರಧಾನಿಗೆ ಎಲ್ಲ ಖಾತೆಗಳನ್ನೂ ಹೊಂದಿಸಿಕೊಂಡು ಹೋಗುವ, ಬೇಕೆನಿಸಿದಾಗ ಬೇಕಾದ ರೀತಿ ಕೈಹಾಕುವ ಸ್ವಾತಂತ್ರ್ಯ ಇರಬೇಕು, ಇಲ್ಲದಿದ್ದರೆ ಅವನು ಹೆಸರಿಗಷ್ಟೇ ಪ್ರಧಾನಿ ಅನ್ನುವುದು ಅವರ ಮಾತು. ಪಟೇಲರದು ಜನವರಿ 12ಕ್ಕೆ. ಪ್ರಧಾನಿ ಸಮಾನರಲ್ಲಿ ಮೊದಲಿಗ, ಸರಿ. ಆದರೆ ಸಹೋದ್ಯೋಗಿಗಳ ತಲೆಯ ಮೇಲಿಂದ ಹೋಗುವ ಅಧಿಕಾರ ಅವನಿಗಿಲ್ಲ. ಖಾತೆಯ ಹೊಣೆ ಆಯಾ ಮಂತ್ರಿಯದು. ಇಲ್ಲದಿದ್ದರೆ ಸಂಪುಟ ಯಾಕೆ? ಇಬ್ಬರಲ್ಲೊಬ್ಬರು ಹೋಗಬೇಕಾದರೆ ನಾನು ಹೋಗುತ್ತೇನೆ ಅಂತ ಇಬ್ಬರೂ ಹೇಳಿದ್ದರು.

ಜನವರಿ 13ಕ್ಕೆ ಗಾಂಧೀಜಿ ದೆಹಲಿಯ ಶಾಂತಿಗಾಗಿ ಉಪವಾಸ ಕೂತರು. ತೀರ್ಪು ಮುಂದಕ್ಕೆ ಹೋಯಿತು. ಜನವರಿ 30ರ ಸಂಜೆ ಪಟೇಲರು ಬಿರ್ಲಾ ಭವನಕ್ಕೆ ಹೋಗಿ ಈ ವಿಷಯವನ್ನೇ ಮಾತಾಡಿದರು. ಮಾತು ಬೆಳೆದು ಪ್ರಾರ್ಥನೆಗೆ ತಡವಾಯಿತು. ಪ್ರಾರ್ಥನೆ ಮುಗಿದ ಮೇಲೆ ನೆಹರೂ ಜತೆ ಮಾತಾಡುವುದು ಅಂತ ಇತ್ತು. ಮುಂದಿನದು ಎಲ್ಲರಿಗೂ ಗೊತ್ತು.

ಗಾಂಧೀಜಿಗೆ ಸಾಕಷ್ಟು ರಕ್ಷಣೆ ಕೊಡಲಿಲ್ಲ ಅಂತ ಗೃಹಮಂತ್ರಿಯ ಮೇಲೆ ಆರೋಪ ಬಂತು. ಪಟೇಲರು ಬಿಟ್ಟು ಹೋಗುವ ಮನಸ್ಸು ಮಾಡಿದ್ದರು. ಫೆಬ್ರವರಿ 3ರಂದು ನೆಹರೂ ಪತ್ರ ಬಂತು. ಬಾಪು ಹೋದ ಮೇಲೆ ಎಲ್ಲ ಬದಲಾಗಿದೆ, ಹಳೆಯ ತಕರಾರುಗಳಿಗೆ ಈಗ ಅಷ್ಟು ಅರ್ಥ ಉಳಿದಿಲ್ಲ, ಒಟ್ಟಿಗೆ ಕೆಲಸ ಮಾಡೋಣ ಅಂತ. ಫೆಬ್ರವರಿ 5ಕ್ಕೆ ಪಟೇಲರ ಉತ್ತರ: ನಿಮ್ಮ ಪ್ರೀತಿಗೆ ಮನಸ್ಸು ತುಂಬಿ ಬಂತು. ಸಾಯುವ ಮುಂಚೆ ಬಾಪು ಜತೆ ಒಂದು ಗಂಟೆಗೂ ಜಾಸ್ತಿ ಮಾತಾಡುವ ಅವಕಾಶ ನನಗೆ ಸಿಕ್ಕಿತ್ತು, ಅವರ ಅಭಿಪ್ರಾಯ ನಮ್ಮಿಬ್ಬರನ್ನೂ ಕಟ್ಟಿಹಾಕುತ್ತದೆ.

ಜಗಳ ಬಗೆಹರಿಯಿತೇ? ಇಲ್ಲ. ಯಾರ ವಾದ ಸರಿ ಅಂತ ಯಾರೂ ತೀರ್ಪು ಕೊಡಲಿಲ್ಲ. ಆದರೆ ಇಬ್ಬರಿಗೂ ಇನ್ನೊಬ್ಬರ ಗೆರೆ ಎಲ್ಲಿದೆ ಅಂತ ಕಪ್ಪು ಬಿಳುಪಿನಲ್ಲಿ ಗೊತ್ತಾಗಿತ್ತು. ಪಟೇಲರು ಬದುಕಿರುವವರೆಗೆ ಈ ಸರ್ಕಾರ ಹೆಚ್ಚುಕಡಿಮೆ ಅವರು ಬರೆದ ಹಾಗೆ ನಡೆಯಿತು, ಅವರು ತೀರಿಕೊಂಡ ಮೇಲೆ ನೆಹರೂ ಬರೆದ ಹಾಗೆ. ಇದು ನನ್ನ ಅನಿಸಿಕೆ. ಇವತ್ತಿನ ಯಾವ ಪ್ರಧಾನಿಯ ಕಚೇರಿಯನ್ನು ನೋಡಿದರೂ ಗೆದ್ದದ್ದು ಜನವರಿ 6ರ ಟಿಪ್ಪಣಿಯೇ ಅಂತ ಕಾಣುತ್ತದೆ, ಪಕ್ಷ ಯಾವುದೇ ಇರಲಿ.

ಹಾಗಂತ ಆ ಕಾಲದವರೆಲ್ಲ ಸತ್ಯವಂತರು, ಪತ್ರಗಳೆಲ್ಲ ಮುತ್ತು ಅಂತ ಅಂದುಕೊಳ್ಳಬೇಡಿ. 1949ರ ಸೆಪ್ಟೆಂಬರ್‌ಗೆ ಬನ್ನಿ. ಮೊದಲ ರಾಷ್ಟ್ರಪತಿ ಯಾರಾಗಬೇಕು? ನೆಹರೂಗೆ ರಾಜಾಜಿ ಬೇಕಿತ್ತು. ಆಗಲೇ ಗವರ್ನರ್ ಜನರಲ್ ಆಗಿದ್ದವರು, ಮುಂದುವರಿದರೆ ಸುಲಭ. ಕಾಂಗ್ರೆಸ್ಸಿನಲ್ಲಿ ತುಂಬಾ ಜನಕ್ಕೆ ರಾಜೇಂದ್ರ ಪ್ರಸಾದ್ ಬೇಕಿತ್ತು. 1942ರಲ್ಲಿ ಕ್ವಿಟ್ ಇಂಡಿಯಾಕ್ಕೆ ರಾಜಾಜಿ ಬರಲಿಲ್ಲ ಅನ್ನುವ ಸಿಟ್ಟು ಇನ್ನೂ ಆರಿರಲಿಲ್ಲ. ಸೆಪ್ಟೆಂಬರ್ 10ರಂದು ನೆಹರೂ ಪ್ರಸಾದರಿಗೆ ಬರೆದರು: ವಲ್ಲಭಭಾಯಿ ಜತೆ ಮಾತಾಡಿದೆ, ರಾಜಾಜಿ ಮುಂದುವರಿಯುವುದು ಒಳ್ಳೆಯದು ಅಂತ ನಮಗೆ ಅನಿಸಿದೆ. ಮಾರನೇ ದಿನವೇ ಪ್ರಸಾದರ ಉತ್ತರ ಬಂತು. ತುಂಬಾ ನೊಂದುಕೊಂಡು ಬರೆದದ್ದು. ಅದರ ನಕಲು ಪಟೇಲರಿಗೂ ಹೋಯಿತು. ನಾನು ಬರೆದದ್ದು ನನ್ನ ಹೊಣೆಯ ಮೇಲೆ, ಅದಕ್ಕೂ ವಲ್ಲಭಭಾಯಿಗೂ ಸಂಬಂಧವಿಲ್ಲ ಅಂತ ನೆಹರೂ ಒಪ್ಪಿಕೊಳ್ಳಬೇಕಾಯಿತು. ಕಾಗದದ ಗುಣವೇ ಇದು. ಬಾಯಲ್ಲಿ ಹೇಳಿದ್ದರೆ ‘ನಾನು ಹಾಗಂದಿಲ್ಲ’ ಅಂತ ಜಾರಿಕೊಳ್ಳಬಹುದಿತ್ತು. ಆಮೇಲೆ ಪ್ರಸಾದರೇ ರಾಷ್ಟ್ರಪತಿಯಾದರು.

ಪತ್ರ ಅಂದರೆ ಬರೀ ಜಗಳವೂ ಅಲ್ಲ. ಒಂದೊಂದು ಕಾಗದ ನೇರವಾಗಿ ಸಂವಿಧಾನದ ಒಳಗೆ ಹೋಗಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ನಮ್ಮ ಮಂಗಳೂರಿನವರು. ಸಭೆಯ ಸದಸ್ಯರಲ್ಲ, ಸಂಬಳವೂ ತೆಗೆದುಕೊಳ್ಳಲಿಲ್ಲ. 1947ರ ಮಾರ್ಚ್‌ನಲ್ಲಿ ಅವರಿಗೆ ರಾಜಕುಮಾರಿ ಅಮೃತ್ ಕೌರ್ ಒಂದು ಪತ್ರ ಬರೆದರು. ಅಮೃತ್ ಕೌರ್ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿದ್ದವರು. ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಅಂತ ಹಾಗೇ ಬರೆದುಬಿಟ್ಟರೆ ಪರ್ದಾ, ಬಾಲ್ಯವಿವಾಹ, ದೇವದಾಸಿ ಪದ್ಧತಿ ಎಲ್ಲವೂ ಆಚರಣೆಯೇ ಆಗುತ್ತದಲ್ಲ, ಆಮೇಲೆ ಕಾನೂನು ಮಾಡುವುದು ಹೇಗೆ ಅನ್ನುವುದು ಅವರ ಆತಂಕ. ಅದೇ ಉಪಸಮಿತಿಯಲ್ಲಿದ್ದ ಹನ್ಸಾ ಮೆಹ್ತಾ ಕೂಡ ಇದೇ ಮಾತಿಗೆ ನಿಂತರು. ಈಗ 25ನೇ ವಿಧಿ ತೆಗೆದು ನೋಡಿ. ಧರ್ಮದ ಸ್ವಾತಂತ್ರ್ಯ ಕೊಟ್ಟ ಕೂಡಲೇ, ಸಮಾಜ ಸುಧಾರಣೆಗೆ ಸರ್ಕಾರ ಕಾನೂನು ಮಾಡಲು ಇದು ಅಡ್ಡಿಯಲ್ಲ ಅಂತ ಸೇರಿಸಿದ್ದಾರೆ. ಆ ಸಾಲಿನ ಹಿಂದೆ ಈ ತಕರಾರಿದೆ.

ಇನ್ನು ನೆಹರೂ ಮುಖ್ಯಮಂತ್ರಿಗಳಿಗೆ ಬರೆದ ಪತ್ರಗಳು. 1947ರ ಅಕ್ಟೋಬರ್ 15ಕ್ಕೆ ಶುರು ಮಾಡಿ 1963ರವರೆಗೆ ಬರೆದರು. ಹದಿನೈದು ದಿನಕ್ಕೊಂದು ಅಂತ ಲೆಕ್ಕ, ಕೊನೆಕೊನೆಗೆ ಅಂತರ ಜಾಸ್ತಿಯಾಯಿತು. ಐದು ಸಂಪುಟಗಳಾಗಿ ಬಂದಿವೆ. ದಾಖಲೆಯಾಗಿ ಬೆಲೆಬಾಳುವಂಥವು, ಆದರೆ ನನ್ನ ಗೊಣಗಾಟ ಇರುವುದೂ ಇವುಗಳ ಮೇಲೇ. ಅಲ್ಲಿರುವುದು ಒಂದೇ ಕಡೆಯ ದನಿ. ಮೇಷ್ಟ್ರು ಪಾಠ ಮಾಡುತ್ತಾರೆ, ಹುಡುಗರು ಏನಂದರು ಅಂತ ಕಾಣುವುದಿಲ್ಲ. ಕೊರಿಯಾ, ಆಹಾರದ ಕೊರತೆ, ಅಣೆಕಟ್ಟು, ಅಲ್ಪಸಂಖ್ಯಾತರ ರಕ್ಷಣೆ, ಅಧಿಕಾರಿಗಳ ನಡವಳಿಕೆ, ಎಲ್ಲದಕ್ಕೂ ಜಾಗವಿದೆ.

ಕೊನೆಯ ವರ್ಷಗಳ ಒಂದು ಪತ್ರದಲ್ಲಿ ಅವರು ಪೊರಕೆಯ ಬಗ್ಗೆ ಬರೆಯುತ್ತಾರೆ. ಹೌದು, ಕಸ ಗುಡಿಸುವ ಪೊರಕೆ. ನಮ್ಮಲ್ಲಿನ ಪೊರಕೆ ಗಿಡ್ಡ, ಬಗ್ಗಿ ಅಥವಾ ಕುಕ್ಕರುಗಾಲಲ್ಲಿ ಕೂತು ಗುಡಿಸಬೇಕು. ಉದ್ದ ಹಿಡಿಯ ಪೊರಕೆ ಇದ್ದರೆ ನಿಂತುಕೊಂಡೇ ಗುಡಿಸಬಹುದು, ಕೆಲಸವೂ ಚೆನ್ನಾಗಿ ಆಗುತ್ತದೆ, ಆಯಾಸವೂ ಕಡಿಮೆ. ಹೀಗೆ ಬಗ್ಗಿ ಬಗ್ಗಿ ಗುಡಿಸುವುದರಿಂದ ಮನಸ್ಸಿಗೂ ಬಗ್ಗುವ ಅಭ್ಯಾಸ ಆಗುತ್ತದೇನೋ ಅಂತ ಕೂಡ ಸೇರಿಸುತ್ತಾರೆ. ಪುರಸಭೆಗಳು ಇದನ್ನು ಯಾಕೆ ಬದಲಿಸಬಾರದು? ಪ್ರಧಾನಿಯೊಬ್ಬರು ಎಲ್ಲ ಮುಖ್ಯಮಂತ್ರಿಗಳಿಗೂ ಇದನ್ನು ಬರೆದರು ಅಂದರೆ ಸೋಜಿಗ. ಮೈಸೂರು ರಾಜ್ಯಕ್ಕೂ ಬಂದಿರಬೇಕಲ್ಲ. ಆಗಿದ್ದದ್ದು ಜತ್ತಿಯವರೋ ನಿಜಲಿಂಗಪ್ಪನವರೋ, ಓದಿ ನಕ್ಕರೋ, ಕೆಳಗೆ ಸಹಿ ಹಾಕಿ ಪೌರಾಡಳಿತ ಇಲಾಖೆಗೆ ಕಳಿಸಿದರೋ. ಬೆಂಗಳೂರಿನ ರಸ್ತೆಗಳಲ್ಲಿ ಬೆಳಗಿನ ಜಾವ ಪೌರಕಾರ್ಮಿಕ ಹೆಂಗಸರು ಇವತ್ತಿಗೂ ಬಗ್ಗಿಯೇ ಗುಡಿಸುವುದನ್ನು ನೋಡುತ್ತೇವೆ.

ಮತ್ತೆ ಜೋಡಿ ಪತ್ರಗಳಿಗೆ ಬರೋಣ. 1951ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎರಡು ಪತ್ರವ್ಯವಹಾರಗಳು ಒಂದೇ ಮಸೂದೆಯ ಸುತ್ತ ನಡೆದವು. ಹಿಂದೂ ಕೋಡ್ ಬಿಲ್. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು, ಏಕಪತ್ನಿತ್ವ. ಒಂದು ಕಡೆ ಕಾನೂನು ಮಂತ್ರಿ ಅಂಬೇಡ್ಕರ್, ಬೇಗ ಆಗಬೇಕು ಅನ್ನುವವರು. ಇನ್ನೊಂದು ಕಡೆ ರಾಷ್ಟ್ರಪತಿ ಪ್ರಸಾದ್, ಆಗಲೇಬಾರದು ಅನ್ನುವವರು. ನಡುವೆ ನೆಹರೂ.

ಆಗಸ್ಟ್ 10ರಂದು ಅಂಬೇಡ್ಕರ್ ಬರೆದರು. ನನ್ನ ಆರೋಗ್ಯ ಚೆನ್ನಾಗಿಲ್ಲ, ವೈದ್ಯರ ಕೈಗೆ ನನ್ನನ್ನು ಒಪ್ಪಿಸಿಕೊಳ್ಳುವ ಮೊದಲು ಈ ಮಸೂದೆ ಮುಗಿಯಲಿ, ಆಗಸ್ಟ್ 16ಕ್ಕೆ ತೆಗೆದುಕೊಂಡರೆ ಸೆಪ್ಟೆಂಬರ್ 1ರೊಳಗೆ ಮುಗಿಸಬಹುದು. ಅವತ್ತೇ ನೆಹರೂ ಉತ್ತರ: ಆರೋಗ್ಯ ನೋಡಿಕೊಳ್ಳಿ, ಅವಸರ ಬೇಡ, ಒಳಗೂ ಹೊರಗೂ ವಿರೋಧ ಇದೆ, ಸೆಪ್ಟೆಂಬರ್ ಶುರುವಿಗೆ ತೆಗೆದುಕೊಳ್ಳುವುದು ಅಂತ ಸಂಪುಟ ತೀರ್ಮಾನಿಸಿದೆ. ನಯವಾದ ಉತ್ತರ. ಆದರೆ ಮಸೂದೆಯ ಹಣೆಬರಹ ಅದರಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಚರ್ಚೆಗೆ ಬಂತು, ನಾಲ್ಕು ಕಲಂ ಪಾಸಾದವು, ಅಲ್ಲಿಗೆ ನಿಂತಿತು. 27ಕ್ಕೆ ಅಂಬೇಡ್ಕರ್ ರಾಜೀನಾಮೆ ಪತ್ರ. ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ, ಈ ಹೋರಾಟ ನಾನು ಬಿಡುವವನಲ್ಲ ಅಂತ ನೆಹರೂ ಅವತ್ತೇ ಬರೆದರು. ಸಂಸತ್ತಿನಲ್ಲಿ ಕಾರಣ ಹೇಳಲು ಅಂಬೇಡ್ಕರ್ ನಿಂತಾಗ ಹೇಳಿಕೆಯ ಪ್ರತಿ ಮೊದಲೇ ಕೊಡಿ ಅಂದರು ಉಪಸಭಾಧ್ಯಕ್ಷರು. ಅಂಬೇಡ್ಕರ್ ಎದ್ದು ಹೊರನಡೆದರು. ಹೇಳಿಕೆ ಪತ್ರಿಕೆಗಳಿಗೆ ಹೋಯಿತು. ಅದರಲ್ಲಿ ಪರಿಶಿಷ್ಟರ ಬಗ್ಗೆ ಸರ್ಕಾರದ ಉಪೇಕ್ಷೆ, ವಿದೇಶಾಂಗ ನೀತಿ, ತಮಗೆ ಯೋಜನೆಯ ಖಾತೆ ಕೊಡದೆ ಇದ್ದದ್ದು ಎಲ್ಲ ಇದೆ. ನಯವಾದ ಉತ್ತರಗಳಿಂದ ಅವರಿಗೆ ಸಾಕಾಗಿತ್ತು ಅಂತ ಓದಿದರೆ ಗೊತ್ತಾಗುತ್ತದೆ.

ಅದೇ ಸೆಪ್ಟೆಂಬರ್ 15ರಂದು ಪ್ರಸಾದರ ಪತ್ರ ನೆಹರೂಗೆ ಬಂದಿತ್ತು. ಈ ಸಂಸತ್ತನ್ನು ಜನ ನೇರವಾಗಿ ಆರಿಸಿಲ್ಲ, ಚುನಾವಣೆ ಹತ್ತಿರದಲ್ಲೇ ಇದೆ, ಇಂಥ ದೊಡ್ಡ ವಿಷಯ ಈಗ ಬೇಡ, ಮಸೂದೆ ನನ್ನ ಹತ್ತಿರ ಬಂದರೆ ನನ್ನ ವಿವೇಚನೆಯಂತೆ ನಡೆದುಕೊಳ್ಳುವ ಹಕ್ಕು ಇಟ್ಟುಕೊಂಡಿದ್ದೇನೆ. ನೆಹರೂ ಉತ್ತರದಲ್ಲಿ ಈ ಸಲ ನಯ ಕಡಿಮೆ. ಇದು ಸಂವಿಧಾನದ ಪ್ರಶ್ನೆ, ಸಂಸತ್ತಿನ ಇಚ್ಛೆಗೆ ವಿರುದ್ಧ ಹೋಗುವ ಅಧಿಕಾರ ರಾಷ್ಟ್ರಪತಿಗಿಲ್ಲ ಅಂದರು. ಅಟಾರ್ನಿ ಜನರಲ್ ಸೆಟಲ್ವಾಡ್ ಮತ್ತು ಸಂವಿಧಾನದ ಕರಡು ಸಮಿತಿಯಲ್ಲಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇಬ್ಬರನ್ನೂ ಕೇಳಿದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಅಂತ ಇಬ್ಬರೂ ಹೇಳಿದರು.

ಪ್ರಸಾದರು ಸುಮ್ನೆ ಹಟ ಹಿಡಿದಿರಲಿಲ್ಲ. ಮೂಲ ಸಂವಿಧಾನದಲ್ಲಿ ಮಂತ್ರಿಗಳ ಸಲಹೆಗೆ ರಾಷ್ಟ್ರಪತಿ ಬದ್ಧ ಅಂತ ಎಲ್ಲೂ ಬರೆದಿರಲಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಗುವ ಹೊತ್ತಿಗೆ ಸಭೆಯ ಅಧ್ಯಕ್ಷರ ಪೀಠದಿಂದ ಇದನ್ನು ಎತ್ತಿ ಹೇಳಿದವರೂ ಪ್ರಸಾದರೇ. ಬ್ರಿಟನ್ನಿನ ರೂಢಿ ಇಲ್ಲೂ ಬೆಳೆಯಲಿ ಅಂತ ಆಶಿಸಿದ್ದರು. ಆ ರೂಢಿ ಬೆಳೆದದ್ದು ಅವರದೇ ಪತ್ರಕ್ಕೆ ಬಂದ ಉತ್ತರದಲ್ಲಿ. ‘ಸಲಹೆಯಂತೆ ನಡೆಯತಕ್ಕದ್ದು’ ಅಂತ 74ನೇ ವಿಧಿಯಲ್ಲಿ ಅಚ್ಚಾಗಿ ಬರಲು 1976ರ 42ನೇ ತಿದ್ದುಪಡಿ ಬೇಕಾಯಿತು. ಅಲ್ಲಿಯವರೆಗೆ ಎಷ್ಟೋ ವರ್ಷ ಗಣರಾಜ್ಯದ ಇಷ್ಟು ದೊಡ್ಡ ಪ್ರಶ್ನೆ ನಿಂತಿದ್ದದ್ದು ರೂಢಿಯ ಮೇಲೆ, ಆ ಒಂದೆರಡು ಕಾಗದಗಳ ಮೇಲೆ, ಅವನ್ನು ಓದಿ ಪ್ರಸಾದರು ಹಿಂದೆ ಸರಿದದ್ದರ ಮೇಲೆ.

ಚುನಾವಣೆಯಾಯಿತು. ಮಸೂದೆಯನ್ನು ನಾಲ್ಕು ತುಂಡು ಮಾಡಿ ತಂದರು. ಮದುವೆಯ ಕಾನೂನು 1955ರ ಮೇ ತಿಂಗಳಲ್ಲಿ, ಉತ್ತರಾಧಿಕಾರದ್ದು 1956ರ ಜೂನ್‌ನಲ್ಲಿ, ಪೋಷಕತ್ವದ್ದು ಆಗಸ್ಟ್‌ನಲ್ಲಿ. ಕೊನೆಯದು, ದತ್ತು ಮತ್ತು ಜೀವನಾಂಶದ್ದು, 1956ರ ಡಿಸೆಂಬರ್ 21ಕ್ಕೆ ಆಯಿತು. ಅಂಬೇಡ್ಕರ್ ಅದೇ ತಿಂಗಳ 6ಕ್ಕೆ ತೀರಿಕೊಂಡಿದ್ದರು. ನಾಲ್ಕಕ್ಕೂ ಸಹಿ ಹಾಕಿದ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್.